ಐದು ಕಾಲಿನ ಬಸವ, ಮೂರು ಕಾಲಿನ ನಾಯಿ

(ಕೊಪ್ಪಳದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಪ್ರಾಣಿ ಸಾಕುವವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಜನರಾಡಿದ ಮಾತನ್ನು ಆದಷ್ಟು ಅವರ ಬಾಯಿಂದ ಬಂದಂತೆಯೇ ಇಟ್ಟಿದ್ದೇನೆ.)

ಎಲ್ಲರಿಗೂ ಶರಣು.

ಕೋಲೆ ಬಸವ ನಮ್ಮ ಓಣಿಗೆ ಬಂದಾಗ ಏನಾಗುತ್ತದೆ, ಸ್ವಲ್ಪ ನೆನಪು ಮಾಡಿಕೊಳ್ಳಿ. ಮೈಮೇಲೆ ಬಣ್ಣದ ಜೂಲು, ಕೊರಳಲ್ಲಿ ಗಂಟೆ, ಕೆಲವು ಬಸವಗಳಿಗೆ ಹಿಣಿಲಿನ ಹತ್ತಿರ ಜೋತುಬಿದ್ದ ಐದನೆಯ ಕಾಲು. ಆ ಕಾಲು ನೆಲ ಮುಟ್ಟುವುದಿಲ್ಲ, ಯಾವ ಕೆಲಸಕ್ಕೂ ಬರುವುದಿಲ್ಲ. ಗರ್ಭದಲ್ಲಿ ಬೆಳವಣಿಗೆ ಹದ ತಪ್ಪಿದ್ದರ ಗುರುತು, ಅಷ್ಟೇ. ಆದರೂ ಹೆಣ್ಣುಮಕ್ಕಳು ಮೊರದಲ್ಲಿ ಜೋಳ ತರುತ್ತಾರೆ, ಆ ಕಾಲನ್ನೇ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಕೂಸಿನ ತಲೆಯನ್ನು ಅದಕ್ಕೆ ತಾಗಿಸುತ್ತಾರೆ. ಅದೇ ಓಣಿಗೆ ಲಾರಿಗೆ ಸಿಕ್ಕು ಕಾಲು ಕಳೆದುಕೊಂಡ ನಾಯಿ ಕುಂಟುತ್ತ ಬರಲಿ, ಮೊದಲು "ಹಚಾ", ಆಮೇಲೆ ಕಲ್ಲು. ಒಂದು ಕಾಲು ಹೆಚ್ಚಾದರೆ ದೇವರು, ಒಂದು ಕಾಲು ಕಡಿಮೆಯಾದರೆ ದರಿದ್ರ!

ನಕ್ಕಿರಿ. ನಗಬೇಕಾದ್ದೇ. ಆದರೆ ನನಗೆ ಇದರಲ್ಲಿ ಒಂದು ಭರವಸೆಯೂ ಕಾಣುತ್ತದೆ. ಸೊಟ್ಟಾದ, ಹೆಚ್ಚುಕಡಿಮೆಯಾದ ದೇಹವನ್ನು ಪ್ರೀತಿಯಿಂದ ನೋಡುವುದು ನಮಗೆ ಬಾರದ ವಿದ್ಯೆಯೇನೂ ಅಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ನಿಮ್ಮಲ್ಲಿ ಬಹಳ ಜನ ಹೋಗಿದ್ದೀರಿ. ಆ ಊರು ಈಗ ವಿಜಯನಗರ ಜಿಲ್ಲೆಗೆ ಸೇರಿದೆ, 2021ರ ತನಕ ಬಳ್ಳಾರಿಯದೇ. ಅಲ್ಲಿ ಕರಡಿ ಕೂದಲಿನ ಟೊಪ್ಪಿಗೆ ಹಾಕಿದ ಗೊರವರು ದೋಣಿಯಲ್ಲಿ ಬಡಿಸಿದ್ದನ್ನು ನಾಯಿಗಳಂತೆ ಬೊಗಳುತ್ತ ಬಾಯಿ ಹಾಕಿ ತಿನ್ನುವ ಸೇವೆ ನೋಡಿದ್ದೀರಿ. ಮೈಲಾರಲಿಂಗನ ಒಕ್ಕಲಿಗೆ ನಾಯಿ ಅಂದರೆ ದೇವರ ಬಳಗ. ಜಾತ್ರೆ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದು ಇಳಿದ ಕೂಡಲೇ ಆ ಬಳಗ ಮರೆತುಹೋಗುತ್ತದೆ, ಅದು ಬೇರೆ ಮಾತು.

ನಾನು ಪಶುವೈದ್ಯ. ಲಿಂಗಸುಗೂರು, ಸಿಂಧನೂರು, ಗಂಗಾವತಿ, ಕುಷ್ಟಗಿ ಹೀಗೆ ಈ ಭಾಗದಲ್ಲೇ ಕೆಲಸ ಮಾಡಿದವನು. ಮೊದಲು ನಮ್ಮ ದವಾಖಾನೆಗೆ ಎತ್ತು, ಎಮ್ಮೆ, ಕುರಿ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಈಗ ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಕಾಣುವುದು ನಾಯಿ, ಬೆಕ್ಕು. ಅವುಗಳ ಜೊತೆ ಬರುವವರಲ್ಲಿ ಎರಡು ಥರದವರನ್ನು ಕಂಡಿದ್ದೇನೆ. ಪ್ರಾಣಿಯ ಮುಖ ನೋಡಿ ಮನೆಗೆ ತಂದವರು ಒಂದು ಥರ. ಪ್ರಾಣಿ ಮನೆಗೆ ಬಂದ ಮೇಲೆ ಅದರ ಮುಖ ನೋಡಿದವರು ಇನ್ನೊಂದು ಥರ. ಇವತ್ತು ನನಗೆ ಹೇಳಬೇಕಾಗಿರುವುದು ಈ ಎರಡನೆಯವರ ಬಗ್ಗೆ. ಮೊದಲನೆಯವರನ್ನೂ ಬಿಡುವುದಿಲ್ಲ, ಅವರ ಸರದಿ ಆಮೇಲೆ.

ರೂಪ ನೋಡಿ ಬೆಲೆ ಕಟ್ಟುವುದು ನಮ್ಮ ದನದ ಸಂತೆಗೆ ಹೊಸದಲ್ಲ. ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ಅದು ಸರಿ. ಆಮೇಲೆ ಸುಳಿ ನೋಡುತ್ತಾರೆ. ಕೂದಲು ತಿರುವಿದ ಜಾಗ ಸ್ವಲ್ಪ ಆಚೀಚೆ ಇದ್ದರೆ ಮುಗಿಯಿತು, ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಮಡಚಿಕೊಳ್ಳುತ್ತದೆ, ಸಾವಿರಗಟ್ಟಲೆ ರೂಪಾಯಿ ಇಳಿಯುತ್ತದೆ. ಸುಳಿಗೂ ಎತ್ತಿನ ಹೆಗಲಿಗೂ ಸಂಬಂಧವಿಲ್ಲ. ಕೆಟ್ಟ ಸುಳಿಯ ಎತ್ತನ್ನು ಕಡಿಮೆ ದರಕ್ಕೆ ಹಿಡಿದು ತಂದು ವರ್ಷಾನುಗಟ್ಟಲೆ ಹೊಲ ಹರಗಿದ ಜಾಣ ರೈತರನ್ನು ನಾನು ಬಲ್ಲೆ. ಕಾರಹುಣ್ಣಿಮೆಗೆ ಅದೇ ಎತ್ತಿನ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, "ನಮ್ಮ ಹಣಮನ್ನ ನೋಡ್ರಿ, ಹೆಂಗ ಕಾಣ್ತಾನ" ಎನ್ನುತ್ತಾರೆ. ಸುಳಿ ಎಲ್ಲಿದೆ ಎಂದು ಕೇಳಿದರೆ ಅವರಿಗೇ ಹುಡುಕಬೇಕಾಗುತ್ತದೆ.

ಈಗ ನಾಯಿಗೆ ಬರೋಣ. ಕಜ್ಜಿ ನಾಯಿಗೆ.

ನಮ್ಮಲ್ಲಿ ಮನುಷ್ಯರನ್ನು ಬೈಯಲೂ ಇದೇ ಮಾತು ಬಳಕೆಯಾಗುತ್ತದೆ, ಅಂದ ಮೇಲೆ ನಾಯಿಯ ಪಾಡು ಊಹಿಸಿ. ಕೂದಲೆಲ್ಲ ಉದುರಿ, ಚರ್ಮ ಆನೆಯದರಂತೆ ದಪ್ಪವಾಗಿ, ಅಲ್ಲಲ್ಲಿ ಒಡೆದು, ವಾಸನೆ ಹೊಡೆಯುತ್ತ, ದಿನವಿಡೀ ತುರಿಸಿಕೊಳ್ಳುತ್ತ ಇರುತ್ತದೆ. ಅದು ವಯಸ್ಸಾದ ನಾಯಿ ಎಂದೋ, ಹುಚ್ಚು ಹಿಡಿದಿದೆ ಎಂದೋ ಜನ ತಿಳಿಯುತ್ತಾರೆ. ಎಷ್ಟೋ ಸಲ ಅದು ವರ್ಷ ತುಂಬದ ಮರಿಯಾಗಿರುತ್ತದೆ. ಕಾರಣ ಕಣ್ಣಿಗೆ ಕಾಣದ ನುಸಿ. ಸಾರ್ಕಾಪ್ಟಿಸ್ ಎಂಬ ನುಸಿಯ ಹೆಣ್ಣು ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ, ಅದರ ತುರಿಕೆ ತಡೆಯಲಾಗದ್ದು. ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿ ಹೆಚ್ಚುಕಡಿಮೆ ಎಲ್ಲ ನಾಯಿಗಳ ಕೂದಲ ಬುಡದಲ್ಲೂ ಸುಮ್ಮನೆ ಇರುತ್ತದೆ. ಹೊಟ್ಟೆಗಿಲ್ಲದೆ, ರೋಗ ಬಂದು ಮೈ ಬಲ ಕುಂದಿದಾಗ ಅದು ಮಿತಿಮೀರಿ ಹೆಚ್ಚುತ್ತದೆ. ಎರಡಕ್ಕೂ ಔಷಧಿ ಇದೆ. ಮೊದಲೆಲ್ಲ ಐವರ್‌ಮೆಕ್ಟಿನ್ ಇಂಜೆಕ್ಷನ್ನೇ ಗತಿ, ಈಗ ನುಂಗಿಸುವ ಹೊಸ ಗುಳಿಗೆಗಳೂ ಬಂದಿವೆ. ತೂಕ ನೋಡಿ ಕೊಡಬೇಕು, ನಿಮ್ಮಷ್ಟಕ್ಕೆ ನೀವೇ ಮೆಡಿಕಲ್ ಶಾಪಿನಿಂದ ತಂದು ಹಾಕಬೇಡಿ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ನಾಯಿಯ ಮೈಗೆ ಸುರಿಯುವುದನ್ನು ನಿಲ್ಲಿಸಿ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೀರಿ, ಗೊತ್ತು. ಆ ಆಯಿಲ್ ಚರ್ಮವನ್ನು ಸುಡುತ್ತದೆ, ನಾಯಿ ಅದನ್ನು ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಮೇಲೆ ನಮ್ಮ ಬಿಸಿಲು.

ಕುಷ್ಟಗಿಯಲ್ಲಿದ್ದಾಗ ಬಸ್ ಸ್ಟ್ಯಾಂಡಿನ ಹತ್ತಿರ ವಗ್ಗರಣಿ ಮಿರ್ಚಿ ಮಾಡುವ ಒಬ್ಬ ಅವ್ವ ಇದ್ದಳು. ಅವಳ ಬಂಡಿಯ ಕೆಳಗೆ ಒಂದು ನಾಯಿ ಮಲಗುತ್ತಿತ್ತು, ಅದರ ಮೈಮೇಲೆ ಹುಡುಕಿದರೂ ಒಂದು ಕೂದಲು ಇರಲಿಲ್ಲ. ಗಿರಾಕಿಗಳು ಬೈದರು, ಬೇರೆ ಬಂಡಿಗೆ ಹೋದರು. ಅವಳು ಅದನ್ನು ಓಡಿಸಲೂ ಇಲ್ಲ, ಮುದ್ದು ಮಾಡಲೂ ಇಲ್ಲ. ಒಂದು ದಿನ ದವಾಖಾನೆಗೆ ಬಂದು, "ಡಾಕ್ಟ್ರ, ಅದರ ಸಲುವಾಗಿ ನನ್ನ ಯಾಪಾರ ಹಾಳಾಗಾಕ ಹತ್ತೈತಿ, ಏನರ ಕೊಡ್ರಿ" ಎಂದಳು. ವ್ಯಾಪಾರದ ಮಾತು, ದಯೆಯ ಮಾತಲ್ಲ. ಇಡ್ಲಿಯೊಳಗೆ ಗುಳಿಗೆ ಇಟ್ಟು ತಿನ್ನಿಸುವುದು ಹೇಳಿಕೊಟ್ಟೆ, ಮೈಗೆ ಹಾಕಲು ಔಷಧಿ ಕೊಟ್ಟೆ. ವಾಸಿಯಾಗುವುದಕ್ಕೆ ಒಂದು ಕ್ರಮ ಇದೆ. ಮೊದಲು ವಾಸನೆ ಹೋಗುತ್ತದೆ. ಆಮೇಲೆ ತುರಿಕೆ ತಗ್ಗಿ ನಾಯಿ ನಿದ್ದೆ ಮಾಡಲು ಶುರುಮಾಡುತ್ತದೆ, ನಿದ್ದೆ ಬಂದ ನಾಯಿಯ ಸ್ವಭಾವವೇ ಬೇರೆ. ಆಮೇಲೆ ಚರ್ಮದ ಕೆಂಪು ಇಳಿಯುತ್ತದೆ. ಕೂದಲು ಬರುವುದು ಎಲ್ಲಕ್ಕಿಂತ ಕಡೆಗೆ, ವಾರಗಟ್ಟಲೆ ಕಾಯಬೇಕು.

ಕೂದಲು ಬಂದ ಮೇಲೆ ನೋಡಿದರೆ ಅದು ಕೆಂದು ಬಣ್ಣದ, ಎದೆ ಬೆಳ್ಳಗಿನ ಹೆಣ್ಣು ನಾಯಿ. "ಎಷ್ಟ್ ಚಂದ ಆತಲ್ಲವ್ವಾ" ಎಂದೆ. ಅವಳು ಎಣ್ಣೆಯಿಂದ ಮಿರ್ಚಿ ಎತ್ತುತ್ತ, "ಕೂದಲ ಬರೂಕ್ಕಿಂತ ಮೊದಲಽ ಚಂದ ಕಾಣಾಕ ಹತ್ತಿತ್ರೀ" ಎಂದಳು. ಯಾವಾಗಿನಿಂದ ಎಂದು ಕೇಳಿದೆ. "ಗುಳಿಗಿ ನುಂಗಿ ನನ್ನ ಮಾರಿ ನೋಡ್ತಿತ್ತಲ್ರಿ, ಆವಾಗಿಂದ."

ನಾನು ಓದಿದ ಪುಸ್ತಕಗಳಲ್ಲಿ ಈ ವಿಷಯ ಇಷ್ಟು ಸಲೀಸಾಗಿ ಇರಲಿಲ್ಲ. 2015ರಲ್ಲಿ ಜಪಾನಿನ ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಾಕಿದವರೂ ನಾಯಿಯೂ ಒಬ್ಬರನ್ನೊಬ್ಬರು ಹೆಚ್ಚು ಹೊತ್ತು ನೋಡುತ್ತಿದ್ದರೆ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಏರುತ್ತದೆ. ತಾಯಿ ಮಗುವಿನ ನಡುವಿನ ಅಂಟಿಗೂ ಇದೇ ಹಾರ್ಮೋನ್ ಬೇಕು. ಕೈಯಲ್ಲೇ ಸಾಕಿದ ತೋಳಗಳಲ್ಲಿ ಇದು ಕಂಡುಬರಲಿಲ್ಲ. 2019ರಲ್ಲಿ ಇನ್ನೊಂದು ತಂಡ ನಾಯಿಯ ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಸ್ನಾಯುವನ್ನು ವಿವರಿಸಿತು. ನಾಯಿಯಲ್ಲಿ ಅದು ಚೆನ್ನಾಗಿ ಬೆಳೆದಿದೆ, ತೋಳದಲ್ಲಿ ಹೆಸರಿಗಷ್ಟೇ ಕೆಲವು ಎಳೆ ಇವೆ. ಸಾವಿರಾರು ವರ್ಷ ನಮ್ಮ ಜೊತೆ ಇದ್ದು ನಮ್ಮ ಮುಖ ನೋಡುವುದನ್ನು ಕಲಿತ ಪ್ರಾಣಿ ಅದು. ಕೂದಲು ಉದುರಿದರೆ ಆ ನೋಟವೇನೂ ಉದುರುವುದಿಲ್ಲ. ತಿರುಗಿ ನೋಡುವಷ್ಟು ಹೊತ್ತು ನಾವು ಅದರ ಎದುರು ನಿಲ್ಲಬೇಕು, ಕಜ್ಜಿ ನಾಯಿಯ ಎದುರು ಯಾರೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ಗುಳಿಗೆ ತಿನ್ನಿಸುವ ನೆಪದಲ್ಲಿ ಆ ಅವ್ವ ನಿಂತಳು.

ನನ್ನ ಅನುಭವದಲ್ಲಿ ಪ್ರೀತಿ ಮೊದಲು ಬಂದು ಆರೈಕೆ ಆಮೇಲೆ ಬರುವುದು ಕಡಿಮೆ. ಆರೈಕೆ ಮೊದಲು, ಬೇಸರದಿಂದಲೋ ಕರ್ತವ್ಯದಿಂದಲೋ, ಕೆಲವೊಮ್ಮೆ ಮಕ್ಕಳ ಹಟಕ್ಕೋ. ಅದರ ಹಿಂದೆ ಪ್ರೀತಿ. ಚೆಂದ ಕಾಣುವುದು ಅದಕ್ಕೂ ಆಮೇಲೆ.

ಗಂಗಾವತಿಯಲ್ಲಿ ಒಬ್ಬ ಆಟೊ ಓಡಿಸುವವನ ಕಥೆ ಹೇಳುತ್ತೇನೆ. ಅವನಿಗೆ ರೈಸ್ ಮಿಲ್ಲಿನ ಹಿಂದೆ ಒಂದು ಕುನ್ನಿ ಸಿಕ್ಕಿತು. ಮೂಗು ಸುರಿಯುತ್ತಿತ್ತು, ಕಣ್ಣಿಗೆ ಗೀಜು ಕಟ್ಟಿತ್ತು, ಅಂಗಾಲು ಗಟ್ಟಿಯಾಗಿತ್ತು. ಡಿಸ್ಟೆಂಪರ್ ಎಂದು ನೋಡಿದ ಕೂಡಲೇ ತಿಳಿಯಿತು. ಈ ವೈರಸ್ ರೋಗ ಬಂದ ಮರಿಗಳಲ್ಲಿ ಬಹಳಷ್ಟು ಉಳಿಯುವುದಿಲ್ಲ. ಉಳಿದವುಗಳಲ್ಲಿ ಕೆಲವಕ್ಕೆ ನರಗಳಿಗೆ ಪೆಟ್ಟು ಬಿದ್ದು ಜೀವನಪೂರ್ತಿ ಒಂದು ಸ್ನಾಯು ತನ್ನಷ್ಟಕ್ಕೆ ತಾನೇ ಅದುರುತ್ತಿರುತ್ತದೆ. ಇದಕ್ಕೆ ದವಡೆ ಅದುರತೊಡಗಿತು. ಹಗಲೂ ರಾತ್ರಿ ಬಾಯಿ ಆಡಿಸುತ್ತಲೇ ಇರುತ್ತಿತ್ತು. ಹೊಸ ಹಲ್ಲು ಬಂದವು, ಅವಕ್ಕೂ ಹೊಳಪಿನ ಪದರ ಸರಿಯಾಗಿ ಕೂಡದೆ ಕಂದು ಬಣ್ಣ, ಕುಳಿ ಕುಳಿ. ಒಂದು ಕಿವಿ ಬೇರೆ ಯಾವುದೋ ನಾಯಿ ಕಚ್ಚಿ ಅರ್ಧ ಹೋಗಿತ್ತು. ಅಷ್ಟು ವಿಚಿತ್ರ ರೂಪದ ನಾಯಿಯನ್ನು ಸುಲಭಕ್ಕೆ ನೋಡಲು ಸಿಗುವುದಿಲ್ಲ.

ಓಣಿಯ ಹುಡುಗರು ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟರು. ಕಟ್ಟೆಯ ಮೇಲೆ ಕೂತು ಎಲಿ ಅಡಿಕಿ ಜಗಿಯುವ ಸಾಹುಕಾರರ ಹಾಗೆ ಕಾಣುತ್ತಿತ್ತಂತೆ. ಆಟೊದವನಿಗೆ ಮೊದಮೊದಲು ಸಿಟ್ಟು. ಆಮೇಲೆ ಅವನೇ ಹಾಗೆ ಕರೆಯಲು ಶುರುಮಾಡಿದ. ಸಾವ್ಕಾರ ಆಟೊದ ಮುಂದಿನ ಸೀಟಿನಲ್ಲಿ, ಅವನ ಪಕ್ಕ, ಜಗಿಯುತ್ತ ಕೂತು ಆನೆಗೊಂದಿಯ ತನಕ ಸವಾರಿ ಹೋಗಿ ಬರುತ್ತಿತ್ತು. ಪ್ರವಾಸಿಗರು ಫೋಟೊ ತೆಗೆಯುತ್ತಿದ್ದರು. ಒಮ್ಮೆ ನನ್ನೆದುರೇ ಯಾರೋ ಅವನಿಗೆ, "ಇದ್ರ ಬದ್ಲಿ ಒಂದು ಚಲೋ ನಾಯಿ ತಗೊಳ್ಳಬಾರದೇನೋ?" ಎಂದು ಕೇಳಿದರು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಚಲೋನೇ ಐತಲ್ರಿ" ಎಂದ. ಮೊಂಡುತನದಿಂದ ಹೇಳಿದ ಹಾಗೆ ನನಗೆ ಕೇಳಿಸಲಿಲ್ಲ. ಅದುರುವ ದವಡೆ ಅವನ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಜಾತ್ರೆಯಲ್ಲಿ ಜಗತ್ತಿನ ಅತಿ ಕುರೂಪಿ ನಾಯಿಯ ಸ್ಪರ್ಧೆ ನಡೆಯುತ್ತದೆ. ನಮ್ಮಲ್ಲಿ ಟಗರಿನ ಪಂದ್ಯ ಇದ್ದ ಹಾಗೆ ಅಲ್ಲಿ ಇದು. 2024ರಲ್ಲಿ ಗೆದ್ದದ್ದು ವೈಲ್ಡ್ ಥ್ಯಾಂಗ್ ಎಂಬ ಪೆಕಿನೀಸ್ ನಾಯಿ. ನಾಲಿಗೆ ಸದಾ ಹೊರಗೆ ಜೋತಿರುತ್ತದೆ, ಯಾಕಂದರೆ ಅದನ್ನು ಒಳಗೆ ತಡೆಯಲು ಹಲ್ಲುಗಳೇ ಬೆಳೆಯಲಿಲ್ಲ. ಬಲಗಡೆಯ ಮುಂಗಾಲು ಸುಮ್ಮನೆ ಈಜುತ್ತಿರುವಂತೆ ಆಡುತ್ತಿರುತ್ತದೆ. ಕಾರಣ? ಮರಿಯಾಗಿದ್ದಾಗ ಬಂದ ಡಿಸ್ಟೆಂಪರ್. ಅವತ್ತು ಮೊಬೈಲಿನಲ್ಲಿ ಆ ಸುದ್ದಿ ಓದಿ ನನಗೆ ನೆನಪಾದದ್ದು ಗಂಗಾವತಿಯ ಸಾವ್ಕಾರ. ಇಬ್ಬರಿಗೂ ಒಂದೇ ರೋಗ, ಒಬ್ಬನಿಗೆ ಬಹುಮಾನ ಬಂತು. ಅದರ ಹಿಂದಿನ ವರ್ಷ, 2023ರಲ್ಲಿ, ಗೆದ್ದ ಸ್ಕೂಟರ್ ಎಂಬ ನಾಯಿಗೆ ಹಿಂಗಾಲುಗಳು ಹುಟ್ಟಾ ಹಿಂದುಮುಂದಾಗಿದ್ದವು, ಮುಂಗಾಲಿನ ಮೇಲೆಯೇ ನಡೆಯುವುದು ಕಲಿತಿತ್ತು. ಇನ್ನೂ ಹಿಂದೆ 2003, 2004, 2005, ಮೂರು ವರ್ಷ ಸತತ ಗೆದ್ದದ್ದು ಸ್ಯಾಮ್ ಎಂಬ ಬೋಳುಮೈಯ ಚೈನೀಸ್ ಕ್ರೆಸ್ಟೆಡ್.

ಈ ಸ್ಪರ್ಧೆಯ ಬಗ್ಗೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಗುವುದಕ್ಕೆ ಟಿಕೆಟ್ ತೆಗೆದುಕೊಂಡು ಬಂದವರು ಮನೆಗೆ ಹೋಗುವಾಗ ಪ್ರೀತಿ ಹೊತ್ತುಕೊಂಡು ಹೋಗುತ್ತಾರೆ ಎಂದು ನಂಬುವುದು ಕಷ್ಟ. ಆದರೆ ಬೀದಿಯಿಂದ, ಆಶ್ರಯಗಳಿಂದ ಎತ್ತಿ ತಂದ ಎಷ್ಟೋ ನಾಯಿಗಳು ಆ ವೇದಿಕೆಗೆ ಬಂದಿವೆ, ಅವನ್ನು ಹೊತ್ತು ನಿಂತವರ ಮುಖ ನೋಡಿದರೆ ಅಲ್ಲಿ ನಾಚಿಕೆ ಕಾಣುವುದಿಲ್ಲ. ಅಷ್ಟು ಒಪ್ಪುತ್ತೇನೆ.

ಬೆಕ್ಕಿನ ವಿಷಯ ಬೇಗ ಮುಗಿಸುತ್ತೇನೆ. ಒಕ್ಕಣ್ಣಿನ ಬೆಕ್ಕು ಕಂಡರೆ ಅಪಶಕುನ ಎನ್ನುವವರು ಇಲ್ಲಿ ಇದ್ದೀರಿ. ಮರಿಯಾಗಿದ್ದಾಗ ಬಂದ ನೆಗಡಿಯ ವೈರಸ್ ಕಣ್ಣಿಗೆ ಹುಣ್ಣು ಮಾಡಿ, ಕಣ್ಣು ಒಡೆದು ಹೋಗಿರುತ್ತದೆ, ಅಷ್ಟೇ ಅದರ ಶಕುನ. ಆರಂಭದಲ್ಲೇ ತಂದರೆ ಹನಿ ಔಷಧಿಯಲ್ಲಿ ಬಹಳಷ್ಟು ಕಣ್ಣು ಉಳಿಯುತ್ತವೆ. ಇನ್ನು ಕೆಲವು ಮರಿಗಳು ಕುಡಿದವರಂತೆ ತೂರಾಡುತ್ತ ನಡೆಯುತ್ತವೆ, ಹಾಲಿನ ತಟ್ಟೆಗೆ ಮೂಗು ಗುರಿಯಿಟ್ಟರೆ ಅದು ಪಕ್ಕಕ್ಕೆ ಹೋಗಿ ಬೀಳುತ್ತದೆ. ತಾಯಿ ಗಬ್ಬವಿದ್ದಾಗ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ತಗುಲಿ ಮರಿಯ ಚಿಕ್ಕಮೆದುಳು ಪೂರ್ತಿ ಬೆಳೆಯದೆ ಹೀಗಾಗುತ್ತದೆ. ನೋವಿಲ್ಲ, ದಿನ ಕಳೆದಂತೆ ಹೆಚ್ಚಾಗುವುದೂ ಇಲ್ಲ. ಎತ್ತರದಿಂದ ಬೀಳದ ಹಾಗೆ ನೋಡಿಕೊಂಡರೆ ಮನೆಯೊಳಗೆ ಸುಖವಾಗಿ ಬಾಳುತ್ತವೆ. "ಇದಕ್ಕ ಸೂಜಿ ಹಾಕಿ ಮಲಗಿಸಿಬಿಡ್ರಿ" ಎಂದು ತಂದವರನ್ನು ಈ ಮಾತು ಹೇಳಿ ವಾಪಸು ಕಳಿಸಿದ್ದೇನೆ. ಆಮೇಲೆ ಅವರೇ ವಿಡಿಯೊ ಕಳಿಸುತ್ತಾರೆ.

ಕೋಳಿ ಸಾಕುಪ್ರಾಣಿಯೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದಿರಿ. ಹೆಸರಿಟ್ಟ ಮೇಲೆ ಸಾರಿಗೆ ಹಾಕುವುದು ಆಗುವುದಿಲ್ಲ, ಹಾಗಾಗಿ ಹೌದು. ಬೋಳು ಕುತ್ತಿಗೆಯ ಕೋಳಿ ನೋಡಿದ್ದೀರಲ್ಲ? ಕುತ್ತಿಗೆಯ ಮೇಲೆ ಒಂದು ಪುಕ್ಕವೂ ಇಲ್ಲದೆ ಕೆಂಪಗೆ, ರೋಗ ಬಂದ ಹಾಗೆ ಕಾಣುತ್ತದೆ. ಟರ್ಕಿ ಕೋಳಿಯ ಬೆರಕೆ ಎಂದು ಕೆಲವರು ಹೇಳುತ್ತಾರೆ, ಅದು ಸುಳ್ಳು. ಒಂದೇ ಒಂದು ಜೀನಿನ ಕೆಲಸ ಅದು. ಆ ಜೀನಿನ ಒಂದು ಪ್ರತಿ ಇದ್ದರೆ ಸುಮಾರು 20 ಶೇಕಡಾ, ಎರಡು ಪ್ರತಿ ಇದ್ದರೆ ಸುಮಾರು 40 ಶೇಕಡಾ ಪುಕ್ಕ ಕಡಿಮೆ. ಪುಕ್ಕ ಕಡಿಮೆಯಾದರೆ ಮೈಯ ಬಿಸಿ ಬೇಗ ಹೊರಗೆ ಹೋಗುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಮೈತುಂಬ ಪುಕ್ಕದ ಚೆಲುವೆಯರು ರೆಕ್ಕೆ ಅಗಲಿಸಿ ಏದುಸಿರು ಬಿಡುತ್ತಿರುವಾಗ ಈ ಬೋಳಿ ಕಸ ಕೆದರುತ್ತ ಓಡಾಡುತ್ತಿರುತ್ತದೆ. ಮಸ್ಕಿಯ ಕಡೆಯ ಒಬ್ಬ ಅಜ್ಜಿ ಇಂಥ ಕೋಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಮಾತಾಡುತ್ತಿದ್ದಳು. ಅವಳಿಗೆ ಜೀನು ಗೊತ್ತಿಲ್ಲ, "ಇದಕ್ಕ ಶಕಿ ಆಗೂದಿಲ್ಲ ನೋಡಪಾ" ಎಂಬುದು ಗೊತ್ತಿತ್ತು.

ವಿಚಿತ್ರ ಮುಖದ ಹಿಂದೆ ಕಾರಣ ಇರುತ್ತದೆ, ಕಾರಣ ತಿಳಿದರೆ ಅಸಹ್ಯ ಅರ್ಧ ಇಳಿಯುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ದರೋಜಿಗೆ ಹೋಗಿ. 1994ರಲ್ಲಿ ಆದ ಕರಡಿಧಾಮ ಅದು. ಸಂಜೆ ಬಂಡೆಗಳಿಗೆ ಬೆಲ್ಲದ ಪಾಕ ಸವರುತ್ತಾರೆ, ಗೋಪುರದ ಮೇಲಿಂದ ಕರಡಿಗಳನ್ನು ನೋಡಬಹುದು. ಕೆದರಿದ ಕೂದಲು, ಜೋತ ತುಟಿ, ಮೇಲಿನ ದವಡೆಯ ನಡುವೆ ಎರಡು ಹಲ್ಲಿಲ್ಲದ ಬಾಯಿ. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ವಿಜ್ಞಾನಿ ಇದರ ರೂಪ ನೋಡಿ ಇದು ಕರಡಿಯೇ ಅಲ್ಲ, ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಪ್ರಾಣಿಯ ಜಾತಿ ಎಂದು ಹೆಸರಿಟ್ಟುಬಿಟ್ಟ. ಆ ಹಲ್ಲಿಲ್ಲದ ಸಂದಿಯಿಂದಲೇ ಅದು ಗೆದ್ದಲನ್ನು ಉಸಿರಿನ ಜೊತೆ ಒಳಗೆಳೆದುಕೊಳ್ಳುವುದು. ಕರಡಿಯನ್ನು ಸಾಕಿ ಎನ್ನುತ್ತಿಲ್ಲ ಮತ್ತೆ! ನಕ್ಷತ್ರ ಆಮೆ, ಕಾಡುಪಾಪ, ಗೂಬೆ, ನಮ್ಮ ಹಸಿರು ಗಿಣಿ, ಇವುಗಳನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ವಿಚಿತ್ರ ಪ್ರಾಣಿ ಬೇಕು ಎಂದು ಆನ್‌ಲೈನಿನಲ್ಲಿ ಹುಡುಕುವ ತರುಣರಿಗೆ ಇದು ಕಿವಿಮಾತು.

ಈಗ ಮುಖ ನೋಡಿ ತಂದವರ ಸರದಿ.

ಪಗ್ ನಾಯಿಯನ್ನು ನಮ್ಮ ಕಡೆ ಈಗಲೂ ಹಚ್ ನಾಯಿ ಎನ್ನುತ್ತಾರೆ. ಆ ಕಂಪನಿಯ ಹೆಸರು ಹೋಗಿ ವರ್ಷಗಳಾದವು, ಜಾಹೀರಾತಿನ ನಾಯಿ ಮಾತ್ರ ಮನಸ್ಸಿನಿಂದ ಹೋಗಿಲ್ಲ. ಸುಕ್ಕು ಹಣೆ, ಉಬ್ಬಿದ ಕಣ್ಣು, ಒತ್ತಿದ ಮೂಗು. ಇದೂ ವಿಚಿತ್ರ ರೂಪವೇ. ಆದರೆ ಇದನ್ನು ಮುದ್ದು ಮಾಡಲು ನಮಗೆ ಯಾರೂ ಕಲಿಸಬೇಕಾಗಿಲ್ಲ. ಯಾಕೆ ಎಂಬುದಕ್ಕೆ ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್ 1943ರಲ್ಲೇ ಉತ್ತರ ಬರೆದಿದ್ದ. ದೊಡ್ಡ ಹಣೆ, ಮುಖದ ಕೆಳಭಾಗದಲ್ಲಿ ದೊಡ್ಡ ಕಣ್ಣು, ಗುಂಡು ಕೆನ್ನೆ, ಇವು ಕೂಸಿನ ಲಕ್ಷಣ. ಇವನ್ನು ಎಲ್ಲಿ ಕಂಡರೂ ನಮ್ಮ ಮನಸ್ಸು ಕರಗುತ್ತದೆ. ಹಾಗಾಗಿ ಆ ಲಕ್ಷಣ ಹೆಚ್ಚಿರುವ ನಾಯಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದರು, ತಲೆಮಾರಿನಿಂದ ತಲೆಮಾರಿಗೆ ಮೂಗು ಒಳಗೆ ಹೋಯಿತು.

ಮೂಗು ಒಳಗೆ ಹೋದರೆ ಏನಾಗುತ್ತದೆ? ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅದರ ಮೈ ತಂಪಾಗುವುದು ಏದುಸಿರಿನಿಂದ, ಮೂಗಿನ ಒಳಗಿನ ಮತ್ತು ಬಾಯಿಯ ಒದ್ದೆ ಪದರದ ಮೇಲೆ ಗಾಳಿ ಹಾದುಹೋಗುವುದರಿಂದ. ಪಗ್‌ಗೆ ಆ ಜಾಗವೇ ಇಲ್ಲ. ಮೂಗಿನ ಹೊಳ್ಳೆ ಕಿರಿದು, ಒಳಗಿನ ಮೆತ್ತನೆಯ ಅಂಗುಳ ಉದ್ದವಾಗಿ ಗಾಳಿಯ ದಾರಿಗೆ ಅಡ್ಡ. ನಿಮಗೆ ಮುದ್ದಾಗಿ ಕೇಳುವ ಗೊರಗೊರ ಸದ್ದು ಗಾಳಿಗೆ ಪರದಾಡುವ ಸದ್ದು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನ ಬೈಕಿನ ಮುಂದೆ ಕೂರಿಸಿಕೊಂಡು ಬಂದ ಪಗ್ ದವಾಖಾನೆಯ ಮೆಟ್ಟಿಲಿನ ಮೇಲೆ ಜೀವ ಬಿಟ್ಟದ್ದನ್ನು ಕಂಡಿದ್ದೇನೆ. ಮನೆಯವರೆಲ್ಲ ಅಳುತ್ತಿದ್ದರು. ಪ್ರೀತಿಗೆ ಅಲ್ಲಿ ಕೊರತೆ ಇರಲಿಲ್ಲ.

ಬುಲ್‌ಡಾಗ್ ತಳಿಯದು ಇನ್ನೂ ಮುಂದಿನ ಕಥೆ. ತಲೆ ದೊಡ್ಡದು, ತಾಯಿಯ ಸೊಂಟ ಕಿರಿದು. 2010ರ ಬ್ರಿಟನ್ನಿನ ಅಧ್ಯಯನವೊಂದರ ಪ್ರಕಾರ ಆ ತಳಿಯ ಹತ್ತು ಹೆರಿಗೆಗಳಲ್ಲಿ ಎಂಟಕ್ಕೂ ಹೆಚ್ಚು ಸಿಸೇರಿಯನ್. ಕಿವಿ ಮಡಿಚಿದ ಸ್ಕಾಟಿಷ್ ಫೋಲ್ಡ್ ಬೆಕ್ಕು ಗೊತ್ತಲ್ಲ, ಫೋನಿನಲ್ಲಿ ದಿನಾ ಬರುತ್ತದೆ. 1961ರಲ್ಲಿ ಸ್ಕಾಟ್ಲೆಂಡಿನ ಒಂದು ಹೊಲದಮನೆಯಲ್ಲಿ ಕಂಡ ಸೂಸಿ ಎಂಬ ಬೆಕ್ಕಿನಿಂದ ಬಂದ ತಳಿ. ಕಿವಿಯ ಮೃದು ಎಲುಬನ್ನು ಮಡಚುವ ಜೀನು ಕಿವಿಯಲ್ಲೇ ನಿಲ್ಲುವುದಿಲ್ಲ, ಕೀಲುಗಳಿಗೂ ಹೋಗುತ್ತದೆ, ನಡೆಯುವಾಗ ನೋವು. ಆಗ ಹೇಳಿದ ಬೋಳುಮೈಯ ಸ್ಯಾಮ್‌ನ ತಳಿಯಲ್ಲೂ ಹಾಗೆಯೇ. ಕೂದಲು ತಡೆಯುವ ಜೀನನ್ನು 2008ರಲ್ಲಿ ಗುರುತಿಸಿದರು. ಅದೇ ಜೀನು ಹಲ್ಲನ್ನೂ ಕೆಡಿಸುತ್ತದೆ, ತಂದೆ ತಾಯಿ ಇಬ್ಬರಿಂದಲೂ ಅದು ಬಂದರೆ ಮರಿ ಗರ್ಭದಲ್ಲೇ ಸಾಯುತ್ತದೆ.

ನೆದರ್‌ಲೆಂಡ್ಸ್ ದೇಶದಲ್ಲಿ 2019ರಿಂದ ಒಂದು ಅಳತೆ ಇದೆ. ಮೂತಿಯ ಉದ್ದ ತಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರುವ ನಾಯಿಯಿಂದ ಮರಿ ಮಾಡಿಸುವಂತಿಲ್ಲ. ನಮ್ಮಲ್ಲೂ ಇಂಥದ್ದು ಬರಬೇಕು ಎಂಬುದು ನನ್ನ ಅಭಿಪ್ರಾಯ. ಅಂಗಡಿಯವರಿಗೆ ಸಿಟ್ಟು ಬಂದರೆ ಬರಲಿ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಾವು ನಗೆಯಾಡಲು ಬಳಸುತ್ತೇವೆ, ಮಮತೆ ಕಣ್ಣು ಕಟ್ಟುತ್ತದೆ ಎನ್ನುವ ಅರ್ಥದಲ್ಲಿ. ಸಾವ್ಕಾರನನ್ನು ಸಾಕಿದವನಿಗೆ ಕಣ್ಣು ಕಟ್ಟಿತ್ತೇ? ಆ ನಾಯಿಯ ಯಾವ ಕಾಲು ಯಾವ ಹೊತ್ತಿಗೆ ಸೋಲುತ್ತದೆ, ಯಾವ ಹಲ್ಲು ನೋಯುತ್ತದೆ, ಫಿಟ್ಸ್ ಬರುವ ಮುಂಚೆ ಅದು ಹೇಗೆ ಗೋಡೆ ನೋಡುತ್ತದೆ, ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಪಗ್‌ನ ಉಸಿರಿನ ಕಷ್ಟವನ್ನು ಮುದ್ದು ಎಂದು ವಿಡಿಯೊ ಮಾಡುವವರಿಗೆ ಕಣ್ಣು ಕಟ್ಟಿದೆ ಎಂದರೆ ಒಪ್ಪುತ್ತೇನೆ.

ಇಷ್ಟು ಹೇಳಿ ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಎರಡನ್ನು ಇಲ್ಲಿ ಕೊಡುತ್ತೇನೆ.

ಭಾಗ್ಯನಗರದಿಂದ ಬಂದಿದ್ದ ಹಿರಿಯ ಹೆಣ್ಣುಮಗಳೊಬ್ಬರು ಎದ್ದು, "ಕಜ್ಜಿ ನಾಯಿ ಮುಟ್ಟಿದ್ರ ನಮಗೂ ಬರ್ತೈತೇನ್ರಿ?" ಎಂದರು. ಸಾರ್ಕಾಪ್ಟಿಸ್ ಆಗಿದ್ದರೆ ಕೈಗೆ ಸ್ವಲ್ಪ ದಿನ ತುರಿಕೆ ಬರಬಹುದು ತಾಯಿ, ಆದರೆ ನಾಯಿಯ ನುಸಿ ಮನುಷ್ಯರ ಮೈಮೇಲೆ ಸಂಸಾರ ಹೂಡಲಾರದು, ನಾಯಿ ವಾಸಿಯಾದರೆ ಅದೂ ಹೋಗುತ್ತದೆ. ಕೈಗವಸು ಹಾಕಿಕೊಳ್ಳಿ, ಸೋಪು ಹಚ್ಚಿ ತೊಳೆಯಿರಿ. ಭಯ ಪಡಬೇಕಾದ್ದು ರೇಬಿಸ್‌ಗೆ. ಗುರುತಿಲ್ಲದ ನಾಯಿ ಕಚ್ಚಿದರೆ, ಪರಚಿದರೂ ಸರಿ, ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಅರಿಶಿಣ, ಸುಣ್ಣ, ಮೆಣಸಿನಪುಡಿ ಏನೂ ಹಚ್ಚಬೇಡಿ. ಸಾಕಿದ ನಾಯಿಗೂ ವರ್ಷ ವರ್ಷ ಲಸಿಕೆ ಹಾಕಿಸಿ. ಕುನ್ನಿಗೆ ಆರರಿಂದ ಎಂಟು ವಾರದೊಳಗೆ ಡಿಸ್ಟೆಂಪರ್ ಲಸಿಕೆ ಶುರುಮಾಡಿದರೆ ಇನ್ನೊಬ್ಬ ಸಾವ್ಕಾರ ಆಗುವುದು ತಪ್ಪುತ್ತದೆ.

ಕೊನೆಗೆ ಪಿಯುಸಿ ಓದುವ ಒಬ್ಬ ಹುಡುಗ. "ಸರ್, ನಮ್ಮನ್ಯಾಗ ಪಗ್ ಐತ್ರಿ. ನೀವು ಹೇಳಿದ್ದು ಕೇಳಿ ಬ್ಯಾಸರ ಆತು. ಈಗ ಏನ್ ಮಾಡ್ಬೇಕ್ರಿ?"

ಬೇಸರ ಮಾಡಿಕೊಳ್ಳಬೇಡ ತಮ್ಮಾ, ನಾಯಿಯ ತಪ್ಪೇನೂ ಇಲ್ಲ. ತೂಕ ಏರದ ಹಾಗೆ ನೋಡಿಕೊ, ದಪ್ಪ ಪಗ್‌ಗೆ ಉಸಿರು ಇನ್ನೂ ಕಷ್ಟ. ಕೊರಳಿಗೆ ಪಟ್ಟಿ ಬೇಡ, ಎದೆಗೆ ಕಟ್ಟುವ ಬೆಲ್ಟ್ ತೆಗೆದುಕೊ. ಬೇಸಿಗೆಯಲ್ಲಿ ಹೊತ್ತು ಹುಟ್ಟುವ ಮೊದಲು ಇಲ್ಲವೇ ನೆಲ ಆರಿದ ಮೇಲೆ ಓಡಾಡಿಸು. ಮುಖದ ಸುಕ್ಕುಗಳ ಸಂದಿಯನ್ನು ಒರೆಸಿ ಒಣಗಿಸು, ಇಲ್ಲದಿದ್ದರೆ ಅಲ್ಲಿ ಕೀವಾಗುತ್ತದೆ. ನಾಲಿಗೆ ನೀಲಿಗಟ್ಟಿದರೆ, ತೂರಾಡಿದರೆ ಮೈಗೆ ನೀರು ಹಾಕಿ ಫ್ಯಾನಿನ ಕೆಳಗೆ ಇಟ್ಟು ಕೂಡಲೇ ಕರೆದುಕೊಂಡು ಬಾ. ಆಮೇಲೆ ಮರಿ ಮಾಡಿಸಬೇಡ.

ಹುಡುಗ ತಲೆ ಕೆರೆದುಕೊಂಡ. "ಒಂದ್ ಮರಿಗೆ ಹದಿನೈದು ಸಾವಿರ ಕೊಡ್ತೀನಂತ ಒಬ್ರು ಹೇಳ್ಯಾರ್ರಿ ಸರ್. ಅಪ್ಪ ಹೂಂ ಅಂದಾನ."

ಸಭೆಯೆಲ್ಲ ನಕ್ಕಿತು. ಸೋಮವಾರ ಒಂಬತ್ತಕ್ಕೆ ದವಾಖಾನಿಗೆ ಬಾ, ನಾಯಿ ಬ್ಯಾಡ, ನಿಮ್ಮಪ್ಪನ್ನ ಕರ್ಕೊಂಡು ಬಾ ಎಂದೆ.